ಚೀಲ ಕೂತಿದ್ದ ಸೀಟು

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಮೊಳೆ ಇದೆ. ಮೊಳೆಗೆ ಒಂದು ಹಳದಿ ಬಟ್ಟೆಯ ಚೀಲ. ಯಾರದೋ ಮದುವೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಟ್ಟದ್ದು. ಅದರ ಮೇಲೆ ಗಂಡು ಹೆಣ್ಣಿನ ಹೆಸರು ಕೆಂಪಕ್ಷರದಲ್ಲಿ ಇತ್ತಂತೆ. ಒಗೆದೂ ಒಗೆದೂ ಗಂಡಿನ ಹೆಸರು ಪೂರ್ತಿ ಹೋಗಿದೆ, ಹೆಣ್ಣಿನದು ಅರ್ಧ ಉಳಿದಿದೆ. ವಾರಕ್ಕೊಂದು ಸಲ ನಮ್ಮಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳುತ್ತಾಳೆ: "ಲೇ ಭವ್ಯಾ, ಈ ಅರಕ್ಲು ಚೀಲಾನ ನೆಲ ಒರ್ಸಾಕೆ ತಗೊಳ್ಲಾ?"

"ಬೇಡಮ್ಮಾ, ಇರ್ಲಿ."

"ಯಾಕಿರ್ಲಿ? ಏನೈತೆ ಇದ್ರಾಗೆ?"

ಏನಿದೆ ಎಂದು ಹೇಳಬೇಕಾದರೆ ನಾನು ನಮ್ಮ ಕ್ಯಾಂಪಸ್ಸಿನ ಅರ್ಥಶಾಸ್ತ್ರ ಪತ್ರಿಕೆಯ ಕಥೆಯನ್ನೇ ಹೇಳಬೇಕು. ಅಮ್ಮನಿಗೆ ಅಷ್ಟು ತಾಳ್ಮೆ ಇಲ್ಲ. ನಿಮಗಿದೆ ಅಂದುಕೊಂಡು ಶುರು ಮಾಡುತ್ತೇನೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿನಿಯೇ ಅಲ್ಲ. ನನ್ನದು ರಸಾಯನಶಾಸ್ತ್ರ. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಕರೆಂಟು ಹೋಗಿ, ಲೈಬ್ರರಿಗೆ ಹೋಗಿ ಕೂತಾಗ ಕೈಗೆ ಸಿಕ್ಕಿದ್ದು ಒಂದು ಹಳೇ ಅರ್ಥಶಾಸ್ತ್ರ ಪಠ್ಯಪುಸ್ತಕ. ಬೇಡಿಕೆಯ ಗೆರೆ ಕೆಳಗಿಳಿಯುತ್ತದೆ, ಪೂರೈಕೆಯ ಗೆರೆ ಮೇಲೇರುತ್ತದೆ, ಎರಡೂ ಒಂದು ಕಡೆ ಅಡ್ಡ ಹಾಯುತ್ತವೆ. ಅಷ್ಟೇ. ನನಗೆ ದೇವರೇ ಕಂಡಂತಾಯಿತು. ಆಮೇಲೆ ಮೂರು ತಿಂಗಳು ಮೊಬೈಲಿನಲ್ಲಿ ಸಿಕ್ಕಸಿಕ್ಕ ಪಾಠ ನೋಡಿದೆ, ಸಿಕ್ಕಸಿಕ್ಕವರಿಗೆ ಪಾಠ ಹೇಳಿದೆ. ಸೊಪ್ಪಿನವಳ ಹತ್ತಿರ ಅಮ್ಮ ಚೌಕಾಸಿ ಮಾಡುತ್ತಿದ್ದರೆ ನಡುವೆ ನುಗ್ಗಿ "ಇದನ್ನ ಏನಂತಾರೆ ಗೊತ್ತಾ?" ಎನ್ನುತ್ತಿದ್ದೆ. ಸೊಪ್ಪಿನವಳು ನಮ್ಮ ಬೀದಿಗೆ ಬರುವುದನ್ನೇ ಸ್ವಲ್ಪ ದಿನ ಬಿಟ್ಟಿದ್ದಳು.

ಇಂಥವಳು ಪತ್ರಿಕೆ ಮಾಡೋಣ ಎಂದರೆ ಯಾರು ಬರುತ್ತಾರೆ? ಎಲ್ಲರೂ ಬಂದರು! ಅದೇ ನನ್ನ ಮೊದಲ ಕಷ್ಟ. 'ತಕ್ಕಡಿ' ಅಂತ ಹೆಸರಿಟ್ಟ ದಿನವೇ ಏಳು ಜನ ಸಂಪಾದಕರಾದರು. ಬರೆಯುವವರು ಒಬ್ಬರೂ ಇಲ್ಲ. ಗೋಡೆಗೆ ಪ್ರಕಟಣೆ ಅಂಟಿಸಿ ಲೇಖನ ಕೇಳಿದರೆ ಐದು ಬಂದವು. ಅದರಲ್ಲಿ ಮೂರು ಜಾಗತೀಕರಣದ ಮೇಲೆ. ಮೂರಕ್ಕೂ ಮೊದಲ ಪ್ಯಾರಾ ಒಂದೇ, ಒಂದೇ ಕಡೆ ಒಂದೇ ತಪ್ಪು. ನಾಲ್ಕನೆಯದು ಬಜೆಟ್ಟಿನ ಮೇಲೆ ಒಂದು ಕವನ. ಐದನೆಯದು ಷೇರು ಮಾರುಕಟ್ಟೆಯಲ್ಲಿ ಶ್ರೀಮಂತರಾಗುವುದು ಹೇಗೆ ಎಂಬುದರ ಮೇಲೆ. ಬರೆದ ಮಹಾನುಭಾವ ಅದನ್ನು ಕೊಡಲು ಬಂದಾಗ ಕ್ಯಾಂಟೀನಿನಲ್ಲಿ ಟೀ ಕೊಡಿಸುತ್ತೀರಾ ಅಂತ ಕೇಳಿದ.

ಏಳು ಜನ ಸಂಪಾದಕರಲ್ಲಿ ಕೆಲಸಕ್ಕೆ ನಿಂತವಳು ಸೆಲ್ವಿ ಒಬ್ಬಳೇ. ಅವಳು ನಿಜವಾಗಿ ಅರ್ಥಶಾಸ್ತ್ರ ಓದುವವಳು, ಮಾರಿಕುಪ್ಪಂನವಳು. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ, ಜಗಳಕ್ಕೆ ಎರಡೂ. ಅವಳೇ ಹೇಳಿದಳು: "ಏಯ್, ಜಾಗತೀಕರಣ ಎಲ್ಲಾ ತೂಕಿ ಆಚೆ ಬಿಸಾಕು. ನಾವು ದಿನಾ ಬರ್ತೀವಲ್ಲ ಟ್ರೇನು, ಅದನ್ನ ಬರಿ ಡೀ."

ಎಷ್ಟು ಒಳ್ಳೆಯ ಸಲಹೆ ಅನ್ನಿಸಿತು! ಹಾಳಾದದ್ದು ಅಲ್ಲೇ.

ನಮ್ಮ ಕ್ಯಾಂಪಸ್ಸು ಬಂಗಾರಪೇಟೆ ದಾಟಿ ಬೆಂಗಳೂರಿನ ಕಡೆಗೆ ಹೋದ ಮೇಲೆ ಬರುವ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹತ್ತಿ ಹೋಗುವಂಥದ್ದು. ಬೆಳಗಿನ ಗಾಡಿ ಮಾರಿಕುಪ್ಪಂನಲ್ಲಿ ಖಾಲಿಯಾಗಿ ಹೊರಡುತ್ತದೆ. ಮುಂದಿನ ಸ್ಟೇಷನ್ ಚಾಂಪಿಯನ್ನಿನಲ್ಲಿ ನಾನು ಹತ್ತುತ್ತೇನೆ. ಆಮೇಲೆ ಊರಿಗಾಂ, ಕೋರಮಂಡಲ್. ಬಂಗಾರಪೇಟೆ ಬರುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಹೆಂಗಸರೇ ಹೆಚ್ಚಾಗಿ ಕೂರುವ ಒಂದು ಬೋಗಿ ಇದೆ. ಎಷ್ಟನೆಯದು ಎಂದು ಹೇಳುವುದಿಲ್ಲ.

ಆ ಬೋಗಿಯಲ್ಲಿ ಮಾರಿಕುಪ್ಪಂನಿಂದ ಎಷ್ಟೋ ಸೀಟುಗಳ ಮೇಲೆ ಮನುಷ್ಯರ ಬದಲು ಸಾಮಾನು ಕೂತು ಬರುತ್ತಿದ್ದವು. ಒಂದು ಹಸಿರು ಛತ್ರಿ. ಒಂದು ಸ್ವೆಟರು. ಒಂದು ಸ್ಟೀಲ್ ಡಬ್ಬಿಯ ಬರೀ ಮುಚ್ಚಳ. ಒಂದು ಹಳದಿ ಚೀಲ. ಇದನ್ನೆಲ್ಲ ಹರಡುತ್ತಿದ್ದವರು ಸೆಲ್ವಿಯ ಅಮ್ಮ ಕನಕಮ್ಮ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಗುಡಿಸಿ ಒರೆಸುವ ಕೆಲಸ ಅವರದು. ಮೊದಲ ಸ್ಟೇಷನ್ನಿನಲ್ಲೇ ಹತ್ತುವುದರಿಂದ ಮುಂದಿನ ಸ್ಟೇಷನ್ನುಗಳವರಿಗೆ ಸೀಟು ಹಿಡಿಯುವುದು ಅವರ ಪಾಲಿಗೆ ಬಂದಿತ್ತು. ಹಳದಿ ಚೀಲ ಕೋರಮಂಡಲ್‌ನಲ್ಲಿ ಹತ್ತುವ ರಾಜಮ್ಮಕ್ಕನದು. ಚೀಲ ಅವಳದಾದರೂ ಅವಳ ಮನೆಗೆ ಅದು ಹೋಗುವುದೇ ಇಲ್ಲ! ಅದರ ವಾಸ ಕನಕಮ್ಮನ ಮನೆಯಲ್ಲಿ. ಬೆಳಿಗ್ಗೆ ಕನಕಮ್ಮನ ಜೊತೆ ಬಂದು ಸೀಟಿನ ಮೇಲೆ ಕೂತು, ಕೋರಮಂಡಲ್‌ನಲ್ಲಿ ರಾಜಮ್ಮಕ್ಕ ಬಂದ ಕೂಡಲೇ ಎದ್ದು ಮತ್ತೆ ಕನಕಮ್ಮನ ಕೈ ಸೇರುತ್ತದೆ. ಎಷ್ಟೇ ನೂಕುನುಗ್ಗಲಿರಲಿ, ಆ ಚೀಲವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ನಾನು ಚಿಕ್ಕವಳಿದ್ದಾಗ ಸೀಮೆಎಣ್ಣೆ ಅಂಗಡಿ ಮುಂದೆ ಬೆಳಗ್ಗಿನಿಂದಲೇ ಕ್ಯೂ. ಆದರೆ ಕ್ಯೂನಲ್ಲಿ ಜನ ಇರುತ್ತಿರಲಿಲ್ಲ. ಕಲ್ಲು, ಇಟ್ಟಿಗೆ ಚೂರು, ಹರಿದ ಚಪ್ಪಲಿ, ತಳ ಹೋದ ಡಬ್ಬ ಸಾಲಾಗಿ ನಿಂತಿರುತ್ತಿದ್ದವು. ಜನ ಮನೆಯಲ್ಲಿ ಮುದ್ದೆ ತಿರುವುತ್ತಿರುತ್ತಿದ್ದರು. ಒಂದು ದಿನ ಆ ಸಾಲಿನಲ್ಲಿ ಒಂದು ಚಪ್ಪಟೆ ಕಲ್ಲು ಕಂಡಿತು. ಕುಂಟಾಬಿಲ್ಲೆಗೆ ಹೇಳಿ ಮಾಡಿಸಿದಂಥ ಕಲ್ಲು. ಎತ್ತಿಕೊಂಡು ಹೋಗಿ ಆಡಿದೆ. ಅಂಗಡಿ ತೆಗೆದ ಮೇಲೆ ದೊಡ್ಡ ಗಲಾಟೆ. ನಮ್ಮಜ್ಜಿ ಬಂದವಳೇ ಬೆನ್ನಿಗೆ ಒಂದು ಗುದ್ದಿದಳು.

"ಯಾಕಜ್ಜೀ ಒಡೀತೀಯಾ? ಒಂದು ಕಲ್ಲು ತಾನೆ!"

"ಕಲ್ಲಾ? ಕಲ್ಲೇನೇ ಅದು? ಅದು ಎದ್ರು ಮನೆ ಮುನೆಮ್ಮ ಕಣೇ! ಮುನೆಮ್ಮನ್ನ ತಕ್ಕೊಂಡೋಗಿ ಕುಂಟಾಬಿಲ್ಲೆ ಆಡ್ತೀಯಲ್ಲೇ!"

ಆ ಗುದ್ದು ನೆನಪಿತ್ತು. ಪಾಠ ನೆನಪಿರಲಿಲ್ಲ. ಇಲ್ಲದಿದ್ದರೆ ಒಂದು ಸೋಮವಾರ ಬೆಳಿಗ್ಗೆ ನೋಟ್‌ಪುಸ್ತಕ ಹಿಡಿದುಕೊಂಡು ಆ ಬೋಗಿಯಲ್ಲಿ 'ಸಮೀಕ್ಷೆ'ಗೆ ಹೊರಡುತ್ತಿರಲಿಲ್ಲ.

ಕಾಲಂ ಹಾಕಿಕೊಂಡಿದ್ದೆ ನೋಡಿ, ಏನು ಅಚ್ಚುಕಟ್ಟು! ಸೀಟು ಯಾವುದು, ಹಿಡಿಯುವ ವಸ್ತು ಯಾವುದು, ಹಿಡಿಯುವವರು ಯಾರು, ಯಾರಿಗಾಗಿ, ಪ್ರತಿಯಾಗಿ ಏನು ಕೊಡುತ್ತಾರೆ. ಕೊನೆಯ ಕಾಲಂ ಮೇಲೆ ನನಗೆ ಬಹಳ ಪ್ರೀತಿ. ಯಾಕೆಂದರೆ ಪುಕ್ಕಟೆ ಯಾವುದೂ ಇಲ್ಲ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೆ.

"ಕನಕಮ್ಮಾ, ನೀವು ರಾಜಮ್ಮಕ್ಕನಿಗೆ ಸೀಟು ಹಿಡೀತೀರಲ್ಲ, ಅವರು ನಿಮಗೆ ಏನು ಕೊಡ್ತಾರೆ?"

ಕನಕಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆ ಒತ್ತರಿಸಿಕೊಂಡರು. "ಏನ್ ಕೊಡ್ತಾಳೆ? ಅವಳ ಹತ್ರ ಏನಿದೆ ಕೊಡೋಕೆ? ಬೈತಾಳೆ, ಅಷ್ಟೇ. ನಿನ್ನೆ ಕೂಡ ಬೈದಳು, ಚೀಲ ಒಗೆದಿಲ್ಲ ಅಂತ."

ಕೋರಮಂಡಲ್‌ನಲ್ಲಿ ರಾಜಮ್ಮಕ್ಕ ಹತ್ತಿದಳು. ಹತ್ತಿರದ ಹಳ್ಳಿಯವಳು, ಹಸು ಕರೆದು, ಹಾಲು ಡೇರಿಗೆ ಹಾಕಿ, ಗಂಡನ ಮೊಪೆಡ್ಡಿನ ಹಿಂದೆ ಕೂತು ಸ್ಟೇಷನ್ನಿಗೆ ಬರುತ್ತಾಳೆ. ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ. ಹೊಲಿಯುವುದಲ್ಲ, ಹೊಲಿದದ್ದನ್ನು ಮೇಜಿನ ಮುಂದೆ ನಿಂತು ತಿರುಗಿಸಿ ತಿರುಗಿಸಿ ನೋಡುವುದು. ಅವಳನ್ನೂ ಕೇಳಿದೆ.

"ಕೊಡೋದಾ? ಕನಕಂಗಾ? ಯಾಕ್ ಕೊಡ್ಬೇಕು?"

"ಅಲ್ಲಕ್ಕಾ, ಅವರು ನಿಮಗೆ ದಿನಾ ಸೀಟು ಇಡೀತಾರಲ್ಲ, ಅದಕ್ಕೆ ಬದಲಾಗಿ..."

"ಏ ಕನಕಾ, ಈ ಪಾಪ ಏನೇ ಕೇಳ್ತೈತೆ? ನಿಂಗೆ ನಾನೇನೋ ಕೊಡ್ಬೇಕಂತೆ!"

"ಕೊಡು ಕೊಡು, ಚಿನ್ನದ ಸರ ಕೊಡು!"

ಇಡೀ ಬೋಗಿ ನಕ್ಕಿತು. ನಾನು ಕಾಲಂನಲ್ಲಿ 'ಏನೂ ಇಲ್ಲ' ಎಂದು ಬರೆದುಕೊಂಡೆ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಲೇಖನ ಬರೆದೆ. ಬೋಗಿಯ ನಕ್ಷೆಯನ್ನೂ ಬರೆದೆ, ಯಾವ ಕಿಟಕಿ ಪಕ್ಕ ಯಾವ ಸಾಮಾನು ಎಂದು ಬಣ್ಣ ಬಣ್ಣದ ಪೆನ್ನಿನಲ್ಲಿ. ಮಾರಿಕುಪ್ಪಂನಿಂದ ಕೋರಮಂಡಲ್‌ವರೆಗೆ ಇಷ್ಟೊಂದು ಸೀಟುಗಳಲ್ಲಿ ಮನುಷ್ಯರ ಬದಲು ಚೀಲ ಪ್ರಯಾಣ ಮಾಡುವುದು ಸಂಪನ್ಮೂಲದ ಅಪವ್ಯಯ ಎಂದು ತೀರ್ಪು ಕೊಟ್ಟೆ. ಅಷ್ಟಕ್ಕೆ ನಿಲ್ಲಿಸಿದೆನಾ? ಇಲ್ಲ. ಒಂದು ಸಾಲು ಸೇರಿಸಿದೆ, ಬರೆದಾಗ ಅದನ್ನು ನಾನೇ ಮೂರು ಸಲ ಓದಿ ಖುಷಿಪಟ್ಟಿದ್ದೆ: "ಈ ವಸ್ತುಗಳಿಗೆ ಕಾನೂನಿನ ಯಾವ ಬಲವೂ ಇಲ್ಲ, ಎತ್ತಿ ಬದಿಗಿಟ್ಟರೆ ಕೇಳುವವರು ಯಾರೂ ಇಲ್ಲ."

ಸಲಹೆಗಾರರಾಗಿದ್ದ ಮೇಷ್ಟ್ರಿಗೆ ತೋರಿಸಿದೆ. ಅವರು ಪುಟ ತಿರುವದೆ "ಒಳ್ಳೆಯ ಪ್ರಯತ್ನ" ಎಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುವುದು, ಊಟದ ಡಬ್ಬಿ ತೆಗೆದಾಗಲೂ.

ಬಂಗಾರಪೇಟೆ ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಗಳನ್ನು ಮಾಡಿಸಿದೆವು. ಒಳಗಿನ ಪುಟದಲ್ಲಿ ಚಿಕ್ಕದಾಗಿ ಇರಬೇಕಾಗಿದ್ದ ನಕ್ಷೆ ಮುಖಪುಟಕ್ಕೆ ಬಂದಿತ್ತು, ಪುಟ ತುಂಬ. ನಾವು ಕಷ್ಟಪಟ್ಟು ಬರೆಸಿದ್ದ ತಕ್ಕಡಿಯ ಚಿತ್ರ ಹಿಂಬದಿಗೆ ಹೋಗಿತ್ತು, ತಲೆಕೆಳಗಾಗಿ.

"ಏನಣ್ಣಾ ಇದು?" ಎಂದು ಅಳುವ ದನಿಯಲ್ಲಿ ಕೇಳಿದೆ.

"ಅದೊಂದೇ ನೋಡಾಕೆ ಚೆನ್ನಾಗಿತ್ತಮ್ಮಾ. ಅದ್ಕೇ ದೊಡ್ಡದು ಮಾಡಿ ಮುಂದಕ್ಕಾಕ್ದೆ. ಮಿಕ್ಕಿದ್ದೆಲ್ಲಾ ಬರೀ ಬರವಣಿಗೆ."

ಬರೀ ಬರವಣಿಗೆ! ಆದರೆ ಅವನು ಸರಿ. ಏಳು ಸಂಪಾದಕರ ಮನೆಯವರೂ ಓದದ ಪತ್ರಿಕೆಯ ಮುಖಪುಟವನ್ನು ಯಾರೋ ಫೋಟೋ ತೆಗೆದು ಮೊಬೈಲಿನ ಗ್ರೂಪಿಗೆ ಹಾಕಿದರು. ಜೊತೆಗೆ ನನ್ನ ಆ ಒಂದು ಸಾಲು. ಎರಡೇ ದಿನದಲ್ಲಿ ಕೆಜಿಎಫ್ ಕಡೆಯಿಂದ ಗಾಡಿ ಹತ್ತುವ ಕಾಲೇಜಿನವರೆಲ್ಲರ ಕೈಗೂ ಅದು ಸಿಕ್ಕಿತು. ನಾನು ಹಿಗ್ಗಿ ಹೀರೇಕಾಯಿ ಆದೆ.

ಮೂರನೆಯ ದಿನ ಚಾಂಪಿಯನ್ನಿನಲ್ಲಿ ಹತ್ತುತ್ತೇನೆ, ರಾಜಮ್ಮಕ್ಕನ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಹುಡುಗಿ ಕೂತಿದ್ದಾಳೆ. ನಮ್ಮ ಕ್ಯಾಂಪಸ್ಸಿನವಳೇ. ಹಳದಿ ಚೀಲ ಮೇಲಿನ ಹಲಗೆಯ ಮೇಲಿದೆ.

"ಏಮ್ಮಾ, ಅಲ್ಲಿ ಆಳು ಬರತ್ತೆ, ಎದ್ದೇಳು," ಎನ್ನುತ್ತಿದ್ದಾರೆ ಕನಕಮ್ಮ.

ಹುಡುಗಿ ಒಂದು ವೈರು ತೆಗೆದು, ಬಹಳ ಮರ್ಯಾದೆಯಿಂದಲೇ ಮೊಬೈಲು ತೋರಿಸಿದಳು. "ಆಂಟಿ, ಇಲ್ಲಿ ಬರ್ದಿದಾರೆ ನೋಡಿ. ಎತ್ತಿಟ್ರೆ ಕೇಳೋರು ಯಾರೂ ಇಲ್ಲ ಅಂತ."

"ಯಾರು ಬರೆದಿದ್ದು?"

ಅವಳು ಹೆಸರು ಓದಿದಳು. ಕನಕಮ್ಮ ನನ್ನ ಕಡೆ ತಿರುಗಿ ನೋಡಿದರು. ನಾನು ಕಿಟಕಿಯಾಚೆ ಚಿನ್ನದ ಗಣಿಯ ಮಣ್ಣು ರಾಶಿ ಬಿದ್ದ ಸೈನೈಡ್ ಗುಡ್ಡವನ್ನು ಮೊದಲ ಸಲ ನೋಡುವವಳಂತೆ ನೋಡಿದೆ.

ಮುಂದಿನ ಮೂರು ವಾರ ಏನಾಯಿತು ಎಂದು ಹೇಳಿದರೆ ನೀವು ನಂಬಬೇಕು. ಚೀಲ ಇಟ್ಟರೆ ಸೀಟು ಸಿಗುತ್ತದೆ ಎಂದು ಕೆಲವರು ಕಲಿತರು, ಚೀಲ ಎತ್ತಿದರೆ ಸೀಟು ಸಿಗುತ್ತದೆ ಎಂದು ಉಳಿದವರು ಕಲಿತರು. ಎರಡನ್ನೂ ಕಲಿಸಿದವಳು ನಾನೇ. ನಮ್ಮ ಕಡೆ ಪ್ರತಿ ಮನೆಯಲ್ಲೂ ಮದುವೆಯ ಹಳದಿ ಚೀಲ ಕಟ್ಟುಗಟ್ಟಲೆ ಇರುತ್ತವೆ. ಎಲ್ಲ ಹೊರಗೆ ಬಂದವು. ಒಬ್ಬೊಬ್ಬರು ಮೂರು ಮೂರು ಚೀಲ ಎಸೆದರು, ಎರಡು ಹೋದರೂ ಒಂದು ಉಳಿಯಲಿ ಎಂದು. ಕನಕಮ್ಮ ಗುರುತಿಗೆ ಕೆಂಪು ದಾರ ಕಟ್ಟಿದರೆ ಮರುದಿನ ಎಲ್ಲ ಚೀಲಕ್ಕೂ ಕೆಂಪು ದಾರ. ಒಂದು ಬೆಳಿಗ್ಗೆ ಯಾರದೂ ಅಲ್ಲದ ಒಂದು ಚೀಲ ಒಂದು ಸೀಟಿನಲ್ಲಿ ಕೂತು ಬಂಗಾರಪೇಟೆಯವರೆಗೆ ಬಂತು. ಸುತ್ತ ಹನ್ನೆರಡು ಜನ ನಿಂತಿದ್ದರು, ಇನ್ನೊಬ್ಬರದಿರಬಹುದು ಎಂದು. ಕೊನೆಗೆ ಚೀಲಕ್ಕೆ ಬೆಲೆಯೇ ಇಲ್ಲದಂತಾಗಿ, ಯಾರ ಚೀಲವಿದ್ದರೂ ಎತ್ತಿ ಬಿಸಾಡಿ ಕೂರುವುದು ಶುರುವಾಯಿತು. ಹಣದುಬ್ಬರ ಎಂದರೇನು ಎಂದು ಪಠ್ಯಪುಸ್ತಕದಲ್ಲಿ ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಈಗ ಆಯಿತು. ಸಂತೋಷಪಡಬೇಕೇ?

ರಾಜಮ್ಮಕ್ಕ ಮಾತ್ರ ಒಂದು ದಿನವೂ ಜಗಳ ಆಡಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಹತ್ತುತ್ತಾಳೆ, ತನ್ನ ಸೀಟಿನ ಕಡೆ ಒಂದು ಸಲ ನೋಡುತ್ತಾಳೆ, ಬಾಗಿಲ ಪಕ್ಕದ ಕಂಬಿಗೆ ಭುಜ ಕೊಟ್ಟು ನಿಲ್ಲುತ್ತಾಳೆ. ಕಾಲು ಬದಲಿಸುತ್ತಾಳೆ. ಸೀರೆಯ ಅಂಚಿನ ಕೆಳಗೆ ಕಾಲು ಊದಿಕೊಂಡಿರುವುದು ಕಾಣುತ್ತಿತ್ತು. ತಡೆಯಲಾರದೆ ಹತ್ತಿರ ಹೋದೆ.

"ಅಕ್ಕಾ, ನನ್ನಿಂದ ಇಂಗಾಯ್ತು."

"ಬಿಡು ಪಾಪಾ. ನೀನೇನು ಬೇಕು ಅಂತ ಮಾಡಿದ್ಯಾ?" ಕಂಬಿಗೆ ಇನ್ನೊಂದು ಭುಜ ಕೊಟ್ಟು ಅವಳೇ ಹೇಳಿದಳು: "ಫ್ಯಾಕ್ಟ್ರಿನಾಗೆ ನಿಂತೇ ಇರ್ಬೇಕು, ಕುಂತ್ರೆ ಸೂಪರ್‌ವೈಸರ್ ಕೂಗ್ತಾನೆ. ಮನೇನಾಗೆ ಯಾವಾಗ ಕುಂತ್ಕೊಳ್ಳೋದು? ದಿನದಾಗೆ ನಾನು ಕುಂತ್ಕೋತಿದ್ದಿದ್ದೇ ಈ ರೈಲ್ನಾಗೆ ಕಣಮ್ಮಿ. ಈ ತಿಂಗ್ಳು ನೋಡ್ತೀನಿ. ಕಾಲು ತಡೀಲಿಲ್ಲ ಅಂದ್ರೆ ಕೆಲ್ಸ ಬಿಟ್ಬುಡ್ತೀನಿ."

ಯೋಚನೆ ಮಾಡಿ. ಒಬ್ಬ ಹೆಂಗಸಿಗೆ ಇಡೀ ದಿನದಲ್ಲಿ ಇದ್ದದ್ದು ಒಂದೇ ಒಂದು ಕೂರುವ ಜಾಗ. ನಾನು ಅದರ ನಕ್ಷೆ ಬರೆದು, ಬಾಣದ ಗುರುತು ಹಾಕಿ, ಊರಿಗೆಲ್ಲ ಹಂಚಿದ್ದೆ.

ಇಷ್ಟಾದರೂ ಬುದ್ಧಿ ಬಂತೇ? ಬರೆದು ಕೆಡಿಸಿದ್ದನ್ನು ಬರೆದೇ ಸರಿಮಾಡುತ್ತೇನೆ ಎಂದು ಎರಡನೆಯ ಸಂಚಿಕೆ ತಂದೆ! ಮೊದಲ ಪುಟದಲ್ಲಿ ಕ್ಷಮಾಪಣೆ. ಅದರ ಕೆಳಗೆ ಹೊಸ ನಿಯಮ: ಬಸುರಿಯರಿಗೆ, ಕೈಗೂಸಿರುವವರಿಗೆ, ಐವತ್ತು ದಾಟಿದವರಿಗೆ ಮೊದಲು ಸೀಟು. ಎಲ್ಲರೂ ಒಪ್ಪಿದರು. ಕಾಲೇಜಿನ ಹುಡುಗಿಯರೂ ಒಪ್ಪಿದರು, ಪಾಪ, ಕೆಟ್ಟವರೇನಲ್ಲ. ಮರುದಿನ ಆ ವೈರಿನ ಹುಡುಗಿಯೇ ಎದ್ದು ನಿಂತು ಕರೆದಳು: "ಬನ್ನಿ ಆಂಟಿ, ಐವತ್ತು ದಾಟಿದೋರು ಕೂತ್ಕೊಳ್ಳಿ."

ರಾಜಮ್ಮಕ್ಕ ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ಯಾರ್ಗೇ ಐವತ್ತು? ನಂಗಾ? ನಲ್ವತ್ತೈದೂ ತುಂಬಿಲ್ಲ ಕಣೇ ನಂಗೆ!"

ನಾನು ಕಣ್ಸನ್ನೆ ಮಾಡಿದೆ. "ಅಕ್ಕಾ, ಸುಮ್ನೆ ಊ ಅನ್ನಿ."

"ಯಾಕನ್ಲಿ? ನನ್ ತಲೆ ನೋಡು, ಒಂದು ಬಿಳೀಕೂದ್ಲು ತೋರ್ಸು!"

ಬೋಗಿಯ ಆ ತುದಿಯಲ್ಲಿ ಕೂದಲು ಪೂರ್ತಿ ಬೆಳ್ಳಗಾದ ಇನ್ನೊಬ್ಬಾಕೆ ಕೂಡ ತನಗೆ ನಲವತ್ತೆಂಟು ಎಂದಳು. ಒಟ್ಟಿನಲ್ಲಿ ಆ ಇಡೀ ಬೋಗಿಯಲ್ಲಿ ಐವತ್ತು ದಾಟಿದವರು ಒಬ್ಬರೂ ಇರಲಿಲ್ಲ. ರಾಜಮ್ಮಕ್ಕ ರೋಷದಿಂದ ಬಂಗಾರಪೇಟೆ ದಾಟಿದರೂ ನಿಂತೇ ಇದ್ದಳು, ಮೊದಲಿಗಿಂತ ನೆಟ್ಟಗೆ.

ಆ ದಿನ ಕ್ಯಾಂಪಸ್ಸಿನ ಬಸ್ಸಿನಲ್ಲಿ ನಾನು ಮೂರನೆಯ ಸಂಚಿಕೆಗೆ ಇನ್ನೂ ಉತ್ತಮವಾದ ಒಂದು ಯೋಜನೆಯನ್ನು ಸೆಲ್ವಿಗೆ ವಿವರಿಸಲು ಶುರು ಮಾಡಿದೆ. ವಾರಕ್ಕೊಂದು ಪಾಳಿ, ಬಣ್ಣದ ಟೋಕನ್ನು...

"ಸಾಕು ನಿಲ್ಸು ಡೀ!" ಸೆಲ್ವಿ ಕಿರುಚಿದ್ದಕ್ಕೆ ಕಂಡಕ್ಟರು ಬಸ್ಸೇ ನಿಲ್ಲಿಸಿದ. "ನಿಂಗೆ ಗೊತ್ತಾ, ನಮ್ಮಮ್ಮ ಯಾಕೆ ಸೀಟು ಹಿಡಿಯೋದು ಅಂತ? ಕೇಳಿದ್ಯಾ?"

"ಕೇಳ್ದೆನಲ್ಲಾ. ಏನೂ ಕೊಡಲ್ಲ ಅಂದ್ರು."

"ಏನು ಕೊಡ್ತಾಳೆ ಅಂತ ಕೇಳ್ದೆ. ಯಾಕೆ ಅಂತ ಕೇಳ್ಲಿಲ್ಲ. ಗಣಿ ಮುಚ್ಚಿದ ಮೇಲೆ ಅಮ್ಮ ಫಸ್ಟ್ ಟೈಮ್ ಹೊರಗಡೆ ಕೆಲ್ಸಕ್ಕೆ ಹೋಗಿದ್ದು. ನಾನು ಹೊಟ್ಟೆನಲ್ಲಿ, ಏಳು ತಿಂಗಳು. ಸಾಯಂಕಾಲ ಬರೋವಾಗ ನಿಂತ್ಕೊಂಡು ತಲೆ ಸುತ್ತು. ಅವಾಗ ಯಾರೋ ಒಬ್ಬಳು ಹೆಸರೂ ಕೇಳದೆ ಎದ್ದು ಜಾಗ ಕೊಟ್ಳು. ಅಮ್ಮ ಹಂಗೇ ನಿದ್ದೆ ಹೋಗ್ಬಿಟ್ರು. ಅವಳು ಎಬ್ಬಿಸ್ಲೇ ಇಲ್ಲ. ಕೋರಮಂಡಲ್‌ವರೆಗೂ ನಿಂತೇ ಬಂದ್ಳು. ಇಳಿಯೋವಾಗ ಪಕ್ಕದಲ್ಲಿ ಕೂತಿದ್ದೋರಿಗೆ ಹೇಳಿ ಹೋದ್ಳು, ಮಾರಿಕುಪ್ಪಂನಲ್ಲಿ ಎಬ್ಬಿಸಿ ಅಂತ. ಯಾರವಳು?"

"ರಾಜಮ್ಮಕ್ಕ," ಎಂದೆ.

"ನಿನ್ ಕಾಲಂನಲ್ಲಿ ಇದಕ್ಕೆ ಜಾಗ ಇತ್ತಾ? ಬರೆದು ಸೀಟು ಕಳೆದವಳು ನೀನು. ಇನ್ನು ಬರೀಬೇಡ. ಹೋಗಿ ಕೂತ್ಕೋ."

"ಎಲ್ಲಿ?"

"ಆ ಸೀಟಲ್ಲಿ! ಚೀಲ ಎತ್ತಿ ಎಸೀತಾರೆ. ನಿನ್ನ ಎಸೆಯೋಕೆ ಆಗತ್ತಾ? ಇಷ್ಟು ದಪ್ಪ ಇದೀಯಾ."

ಹಾಗೆ ನಾನು ಚೀಲದ ಕೆಲಸಕ್ಕೆ ಸೇರಿಕೊಂಡೆ. ಚಾಂಪಿಯನ್ನಿನಲ್ಲಿ ಹತ್ತಿದರೆ ಸೀಟು ಹೋಗಿರುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಎದ್ದು, ಮುಂದಕ್ಕೆ ಹೋಗುವ ಗಾಡಿಗೋಸ್ಕರ ಹಿಂದಕ್ಕೆ ಮಾರಿಕುಪ್ಪಂವರೆಗೆ ನಡೆಯಬೇಕು. ಅಲ್ಲಿ ಹತ್ತಿ ಆ ಸೀಟಿನಲ್ಲಿ ಕೂರಬೇಕು. ಕೋರಮಂಡಲ್‌ನಲ್ಲಿ ಏಳಬೇಕು. ಅಲ್ಲಿಂದ ಕ್ಯಾಂಪಸ್ಸಿನ ಸ್ಟೇಷನ್ನಿನವರೆಗೆ ನಿಲ್ಲಬೇಕು. ಅಮ್ಮ ಮೊದಲ ದಿನ "ಓದಿ ಓದಿ ತಲೆ ಕೆಟ್ಟೈತೆ" ಎಂದಳು. ದಾರಿಯ ನಾಯಿಗಳಿಗೂ ಹಾಗೇ ಅನ್ನಿಸಿರಬೇಕು, ಒಂದು ವಾರ ಬೊಗಳಿ ಸುಮ್ಮನಾದವು.

ರಾಜಮ್ಮಕ್ಕ ಮೊದಲ ದಿನ ಕೂರಲಿಲ್ಲ. "ನಂಗೇನು ಐವತ್ತಾಗೈತಾ?"

"ಇಲ್ಲಕ್ಕಾ, ನಿಮಗೆ ಮೂವತ್ತು. ಕುಂತ್ಕೊಳ್ಳಿ."

"ಮೂವತ್ತು ಅಂತೆ! ಸುಳ್ಳು ಏಳೋದೂ ಬರಲ್ಲ ನಿಂಗೆ," ಎನ್ನುತ್ತಾ ಕೂತಳು. ಕೂತು, ಚಪ್ಪಲಿ ಬಿಟ್ಟು, ಎರಡು ಕಾಲನ್ನೂ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿದಳು. ನಾನು ಕಂಬಿ ಹಿಡಿದುಕೊಂಡು ಆ ಕಾಲುಗಳನ್ನು ನೋಡುತ್ತಾ ನಿಂತೆ. ತಿಂಗಳು ಮುಗಿಯಿತು, ಕೆಲಸ ಬಿಡುವ ಮಾತು ಅವಳು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದರಿಂದ ಏನೇನಾಗುತ್ತದೆ ಎಂದು ಈಗ ಗೊತ್ತಲ್ಲ.

ಇದನ್ನು ಇಲ್ಲಿಗೇ ಮುಗಿಸಿದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ಹೋದ ತಿಂಗಳು ಪರೀಕ್ಷೆ ಬಂತು. ಓದು, ನಡಿಗೆ, ನಡುವೆ ಉಳಿದ ಆ ಆರು ಜನ ಸಂಪಾದಕರ ಫೋನು, ಮೂರನೆಯ ಸಂಚಿಕೆ ಯಾವಾಗ, ಅದರಲ್ಲಿ ತಮ್ಮ ಹೆಸರು ಮೇಲಿರುತ್ತದೆ ತಾನೆ ಅಂತ. ಒಂದು ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಆ ಸೀಟಿನಲ್ಲಿ ಕೂತದ್ದು ನೆನಪಿದೆ. ಊರಿಗಾಂ ಬಂದದ್ದು ನೆನಪಿಲ್ಲ.

ಕಣ್ಣು ಬಿಟ್ಟರೆ "ವಡೆ ವಡೇ" ಎಂಬ ಕೂಗು. ಬಂಗಾರಪೇಟೆ! ನನ್ನ ತಲೆ ಕಿಟಕಿಯ ಕಂಬಿಗೆ ಒರಗಿದೆ, ಆದರೆ ಕಂಬಿ ಒತ್ತುತ್ತಿಲ್ಲ. ಕಂಬಿಗೂ ನನ್ನ ಕೆನ್ನೆಗೂ ನಡುವೆ ಮಡಿಸಿದ ಹಳದಿ ಚೀಲ. ಚೀಲ ಜಾರದಂತೆ ಒತ್ತಿ ಹಿಡಿದ ಒಂದು ಕೈ. ಕೈಯ ಮೇಲ್ಗಡೆ, ಜನರ ನಡುವೆ ವಾಲಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿರುವ ರಾಜಮ್ಮಕ್ಕ.

ನಾನು ದಡಕ್ಕನೆ ಎದ್ದೆ. "ಅಕ್ಕಾ! ಯಾಕಕ್ಕಾ ಎಬ್ಬಿಸ್ಲಿಲ್ಲ?"

"ಬಾಯಿ ತಕ್ಕೊಂಡು ಮಲಗಿದ್ದೆ. ನೊಣ ಓಗದಂಗೆ ನೋಡ್ಕೊಂಡೆ."

"ನಿಮ್ಮ ಕಾಲು..."

"ಕಾಲಿಗೇನು, ನಿನ್ನೆ ಕುಂತಿತ್ತಲ್ಲ."

ಎದುರು ಸೀಟಿನಲ್ಲಿ ಕನಕಮ್ಮ ಸೆಲ್ವಿಯ ತೊಡೆಗೆ ಹೊಡೆದು ನಗುತ್ತಿದ್ದರು. "ಅವಾಗ್ಲೂ ಇವಳು ಹಿಂಗೇ ಮಾಡಿದ್ದು ನಂಗೆ! ಬುದ್ಧೀನೇ ಬಂದಿಲ್ಲ!" ಸೆಲ್ವಿ ನಗಲಿಲ್ಲ. ನನ್ನ ಕಡೆ ಒಂದು ನೋಟ ನೋಡಿದಳು. ಕಾಲಂ ಹಾಕುತ್ತೀಯಾ ಈಗ, ಎನ್ನುವ ನೋಟ.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎರಡು ತಿಂಗಳು ಕತ್ತಲಲ್ಲಿ ನಾಯಿಗಳ ನಡುವೆ ನಡೆದು ನಾನು ಮಾಡಿದ ಪ್ರಾಯಶ್ಚಿತ್ತವನ್ನೆಲ್ಲ ಈ ಹೆಂಗಸು ಕೋರಮಂಡಲ್‌ನಿಂದ ಬಂಗಾರಪೇಟೆಯೊಳಗೆ ಉಲ್ಟಾ ಮಾಡಿಬಿಟ್ಟಳಲ್ಲ! ಇಂಥವರನ್ನು ಇಟ್ಟುಕೊಂಡು ಯಾರಾದರೂ ಅರ್ಥಶಾಸ್ತ್ರ ಬರೆಯಲು ಸಾಧ್ಯವೇ?

ನಮ್ಮ ಸ್ಟೇಷನ್ನಿನಲ್ಲಿ ಇಳಿದ ಮೇಲೆ ನೋಡಿದರೆ ಗಡಿಬಿಡಿಯಲ್ಲಿ ಚೀಲ ನನ್ನ ಕೈಯಲ್ಲೇ ಉಳಿದುಬಿಟ್ಟಿತ್ತು. ಮರುದಿನ ಕೊಡಲು ಹೋದೆ. ರಾಜಮ್ಮಕ್ಕ ತೆಗೆದುಕೊಳ್ಳಲಿಲ್ಲ. "ಕನಕ ಒಗ್ಯಲ್ಲ. ನೀನೇ ಇಟ್ಕೋ. ಬಾನುವಾರ ಬಾನುವಾರ ಒಗಿ."

ಆಮೇಲೆ ಕೂತು, ಚಪ್ಪಲಿ ಬಿಟ್ಟು, ಒಂದು ಅನುಮಾನದ ಕಣ್ಣು ತೆರೆದಳು. "ನಿನ್ ಪುಸ್ತಕದಾಗೆ ಮತ್ತೆ ಇದ್ನೆಲ್ಲಾ ಬರ್ಯಲ್ಲ ತಾನೆ?"

"ಇಲ್ಲಕ್ಕಾ," ಎಂದೆ.

ಮಾತು ತಪ್ಪಿದ್ದೇನೆ ಎಂದು ನೀವು ಹೇಳಬಹುದು. ಪೂರ್ತಿ ತಪ್ಪಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ. ಚೀಲದ ಬಣ್ಣವೂ ನಿಜವಾಗಿ ಹಳದಿಯೇ ಎಂದು ನಂಬಬೇಡಿ. ಇನ್ನು, ಅದು ಎಷ್ಟನೆಯ ಬೋಗಿ, ಯಾವ ಕಿಟಕಿ, ಬಲಗಡೆಯೋ ಎಡಗಡೆಯೋ ಎಂದು ಮಾತ್ರ ಕೇಳಬೇಡಿ. ನೀವು ಬೆಳಗಿನ ಗಾಡಿಗೆ ಬರುವವರಾ, ಕೈಯಲ್ಲಿ ಮೊಬೈಲು ಇದೆಯಾ, ನನಗೇನು ಗೊತ್ತು?